ಬೆಂಚಿನ ಮೇಲಿನ ಹುಡುಗ

‘ಮುತ್ಯಾ, ಆರು ಮಂದಿನ್ನ ಇಟ್ಕೊಳ್ಳಾಕ ಅವಕಾಶ ಇತ್ತು. ಸಿರಾಜ್‌ನ ಯಾಕ ಬಿಟ್ಟಾರ?’

2024ರ ಐಪಿಎಲ್ ಹರಾಜಿನ ಮುಂಚೆ ಯಾದಗಿರಿಯ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಹೀಗೆ ಜಗಳ ತೆಗೆದಿದ್ದರು. ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು ಮಾತ್ರ. ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಕೂಡಿಸಿ ನೋಡಿ ಮಕ್ಕಳೇ, 37 ಆಯಿತೇ? ಆ ಹರಾಜಿಗೆ ಪ್ರತಿ ತಂಡದ ಖರ್ಚಿನ ಮಿತಿ 120 ಕೋಟಿ ಇತ್ತು. ಉಳಿದ 83 ಕೋಟಿಯಲ್ಲಿ ಮಿಕ್ಕ ತಂಡ ಕಟ್ಟಬೇಕಿತ್ತು. ಆಟಗಾರರು 18ಕ್ಕಿಂತ ಕಡಿಮೆ ಇರಬಾರದು, 25 ಮೀರಬಾರದು. ಅದರಲ್ಲಿ ಹೊರದೇಶದವರು ಹೆಚ್ಚೆಂದರೆ 8.

ನಾನು ಗುಮಾಸ್ತನಾಗಿದ್ದ ಬ್ಯಾಂಕಿನ ತಿಜೋರಿಗೂ ಇಂಥದೊಂದು ಮಿತಿ ಇತ್ತು. ಸಂಜೆ ಲೆಕ್ಕ ಮುಗಿದ ಮೇಲೆ ಮಿತಿ ಮೀರಿದ ನಗದನ್ನು ದೊಡ್ಡ ಶಾಖೆಗೆ ಕಳಿಸಬೇಕು. ಆದರೆ ನೋಟಿನ ವಿಷಯ ಸುಲಭ. ಇವತ್ತಿನ ನೂರು ರೂಪಾಯಿ ನಾಳೆಯೂ ನೂರೇ. ಹದಿನೆಂಟರ ಹುಡುಗ ಎರಡು ವರ್ಷದಲ್ಲಿ ಏನಾಗುತ್ತಾನೆಂದು ಯಾವ ಲೆಡ್ಜರಿನಲ್ಲೂ ಬರೆದಿರುವುದಿಲ್ಲ.

ನಮ್ಮ ಕೆ.ಎಲ್. ರಾಹುಲ್ ಅವರನ್ನೇ ನೋಡಿ. 2013ರಲ್ಲಿ ಐಪಿಎಲ್‌ಗೆ ಕಾಲಿಟ್ಟದ್ದು ಆರ್‌ಸಿಬಿಯಿಂದ. ನಡುವೆ ಹೈದರಾಬಾದಿಗೆ ಹೋಗಿ ಬಂದು 2016ರಲ್ಲಿ 397 ರನ್ ಹೊಡೆದರು. ಮರುವರ್ಷ ಭುಜದ ನೋವಿನಿಂದ ಆಡಲಾಗಲಿಲ್ಲ. 2018ರ ಹರಾಜಿಗೆ ಮುಂಚೆ ಆರ್‌ಸಿಬಿ ಕೊಹ್ಲಿ, ಡಿವಿಲಿಯರ್ಸ್ ಮತ್ತು ಇನ್ನೂ ಚಿಕ್ಕವನಾಗಿದ್ದ ಸರ್ಫರಾಜ್ ಖಾನ್ ಈ ಮೂವರನ್ನು ಇಟ್ಟುಕೊಂಡಿತು. ರಾಹುಲ್ 11 ಕೋಟಿಗೆ ಪಂಜಾಬಿನ ಪಾಲಾಗಿ, ಆ ವರ್ಷವೇ 659 ರನ್ ಗಳಿಸಿದರು. ಕಟ್ಟೆಯ ಮೇಲೆ ಕೂತ ನಾವು ಹಿರಿಯರು ಆಗ ಬೈದದ್ದು ಅಷ್ಟಿಷ್ಟಲ್ಲ. ಇವತ್ತಿಗೂ ಅದು ಕೆಟ್ಟ ಲೆಕ್ಕಾಚಾರ ಎಂದೇ ನನ್ನ ಅಭಿಪ್ರಾಯ.

ಇದೆಲ್ಲ ತಂಡದ ಕಷ್ಟ. ಹುಡುಗನ ಕಷ್ಟವೇ ಬೇರೆ. ಅದನ್ನು ಹೇಳಲು ಅಮೆರಿಕದ ಬೇಸ್‌ಬಾಲ್‌ಗೆ ಹೋಗಬೇಕು.

ಅಲ್ಲಿ ಮುಖ್ಯ ಪಟ್ಟಿಯಲ್ಲಿ 40 ಹೆಸರು, ಆಡುವ ಬಳಗದಲ್ಲಿ 26. ಇದಲ್ಲದೆ ಪ್ರತಿ ತಂಡಕ್ಕೂ ಕೆಳಗಿನ ಹಂತದ ಮರಿ ತಂಡಗಳಿವೆ. ಹುಡುಗರು ಅಲ್ಲಿ ಬೆಳೆಯುತ್ತಾರೆ. ಹಣವಂತ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಅಲ್ಲೇ ಕೂಡಿಹಾಕಿದರೆ? ಅದಕ್ಕೆಂದೇ ಒಂದು ನಿಯಮ ಮಾಡಿದ್ದಾರೆ. ಹದಿನೆಂಟರೊಳಗೆ ಸೇರಿದವನನ್ನು ಐದು ಹಂಗಾಮಿನೊಳಗೆ 40ರ ಪಟ್ಟಿಗೆ ಏರಿಸದಿದ್ದರೆ ಬೇರೆ ತಂಡದವರು ಎತ್ತಿಕೊಳ್ಳಬಹುದು. ಎತ್ತಿಕೊಂಡವರು ಇಡೀ ಹಂಗಾಮು ಅವನನ್ನು ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ಹಳೆಯ ತಂಡಕ್ಕೆ ‘ನಿಮ್ಮ ಹುಡುಗ ಬೇಕೇ?’ ಎಂದು ಕೇಳಬೇಕು.

1954ರಲ್ಲಿ, ಈ ನಿಯಮದ ಹಳೆಯ ರೂಪದಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ತಂಡ ತನ್ನ ಮಾಂಟ್ರಿಯಲ್ ಮರಿ ತಂಡದಲ್ಲಿಟ್ಟಿದ್ದ ಪೋರ್ಟೊರಿಕೊದ ಇಪ್ಪತ್ತರ ಹುಡುಗನೊಬ್ಬನನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಎತ್ತಿಕೊಂಡಿತು. ಹೆಸರು ರಾಬರ್ಟೊ ಕ್ಲೆಮೆಂಟೆ. ಪಿಟ್ಸ್‌ಬರ್ಗ್‌ಗೆ 18 ಹಂಗಾಮು ಆಡಿ 3,000 ಹಿಟ್ ಬಾರಿಸಿದ. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ.

ಇಷ್ಟು ದೊಡ್ಡದಲ್ಲದಿದ್ದರೂ ಇಂಥದೇ ಒಂದು ಪ್ರಸಂಗ ನಮ್ಮಲ್ಲೂ ನಡೆಯಿತು. ಎಂಬತ್ತರ ದಶಕದಲ್ಲಿ ನಮ್ಮ ಶಹಾಪುರದ ಓಣಿ ತಂಡ ಸುರಪುರದ ಟೆನಿಸ್ ಬಾಲ್ ಟೂರ್ನಿಗೆ ಹೋಗುತ್ತಿತ್ತು. ಅಕ್ಷರ ಚೆಂದ ಎಂದು ಹದಿನೈದು ಹೆಸರು ಬರೆಯುವ ಕೆಲಸ ನನಗೆ. ಒಂಬತ್ತನೇ ಇಯತ್ತೆಯ ಎಡಗೈ ಬೌಲರ್ ಒಬ್ಬನಿದ್ದ. ‘ಹದಿನೈದನೇ ಹೆಸರು ಅವನದ್ದೇ ಹಾಕ್ರಿ, ಇಲ್ಲಾಂದ್ರ ಸುರಪುರದವ್ರು ಎತ್ಕೊಂಡು ಹೋಗ್ತಾರ’ ಎಂದರು ಹಿರಿಯ ಆಟಗಾರರು. ಎರಡು ವರ್ಷ ಹುಡುಗ ನೀರಿನ ಕೊಡ ಹೊತ್ತ. ಒಂದು ಓವರೂ ಸಿಗಲಿಲ್ಲ. ಮೂರನೇ ವರ್ಷ ಅವನನ್ನೇ ಕೇಳಿದೆ. ‘ಕಾಕಾ, ನಂಗ ಬಾಲ್ ಹಾಕ್ಬೇಕ್ರಿ’ ಅಂದ. ಹೆಸರು ಬಿಟ್ಟುಬಿಟ್ಟೆ. ಸುರಪುರದ ತಂಡಕ್ಕೆ ಸೇರಿ ಅದೇ ಟೂರ್ನಿಯಲ್ಲಿ ನಮ್ಮವರಿಬ್ಬರ ಸ್ಟಂಪ್ ಹಾರಿಸಿದ. ಒಂದು ವಾರ ಓಣಿಯಲ್ಲಿ ನನಗೆ ಚಹಾ ಕೊಡುವವರಿರಲಿಲ್ಲ!

ಕಾಯುವುದೆಲ್ಲ ವ್ಯರ್ಥ ಎಂದಲ್ಲ. ದೇವದತ್ತ ಪಡಿಕ್ಕಲ್ ಅವರನ್ನು ಆರ್‌ಸಿಬಿ 18ರ ವಯಸ್ಸಿನಲ್ಲಿ 20 ಲಕ್ಷಕ್ಕೆ ಕೊಂಡು, 2019ರ ಹಂಗಾಮಿನುದ್ದಕ್ಕೂ ಬೆಂಚಿನಲ್ಲಿ ಕೂರಿಸಿತು. ಆದರೆ 2020ರಲ್ಲಿ ಇನಿಂಗ್ಸ್ ಆರಂಭಿಸಲು ಕಳಿಸಿತು. 473 ರನ್ ಬಂದವು, ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಬಂತು. ಒಂದು ವರ್ಷದ ಕಾಯುವಿಕೆ ಅಂದರೆ ಹೀಗಿರಬೇಕು. 2022ರ ಹರಾಜಿನಲ್ಲಿ ಅವರೂ ಕೈತಪ್ಪಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದರು. ಅದೇ 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದ ನಮ್ಮ ಗುಲ್ಬರ್ಗ ಮಿಸ್ಟಿಕ್ಸ್ ತಂಡದಲ್ಲಿ ಅವರಿದ್ದರೆಂಬುದು ಈ ಭಾಗದ ಮಕ್ಕಳಿಗೆ ನೆನಪಿರಬಹುದು.

ಆ ವರ್ಷ ಹರಾಜಿನಲ್ಲಿ ಯಾರಿಗೂ ಬೇಡವಾದ ಇನ್ನೊಬ್ಬನಿದ್ದ, ರಜತ್ ಪಾಟೀದಾರ್. ಆರ್‌ಸಿಬಿಯಲ್ಲಿದ್ದ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡರು, ಅವರ ಜಾಗಕ್ಕೆ ಪಾಟೀದಾರ್‌ಗೆ ಕರೆ ಹೋಯಿತು. ಮೇ 25ರಂದು ಲಖನೌ ವಿರುದ್ಧ 54 ಎಸೆತಗಳಲ್ಲಿ ಔಟಾಗದೆ 112. ಮುಂದೆ ಆತನೇ ನಾಯಕ.

2025ರಲ್ಲಿ ಪಡಿಕ್ಕಲ್ 2 ಕೋಟಿಗೆ ಮರಳಿ ಬಂದರು. ಹಂಗಾಮಿನ ನಡುವೆ ತೊಡೆಯ ಸ್ನಾಯು ಕೈಕೊಟ್ಟಿತು. ಅವರ ಬದಲಿಗೆ ಬಂದವರು ಮಯಂಕ್ ಅಗರ್ವಾಲ್, 2011ರಲ್ಲಿ ಆರ್‌ಸಿಬಿಯಲ್ಲೇ ಐಪಿಎಲ್ ಆರಂಭಿಸಿದ ನಮ್ಮ ಬೆಂಗಳೂರಿನವರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದಾಗ ಮಯಂಕ್ 24 ರನ್ ಹೊಡೆದಿದ್ದರು. ಹರಾಜಿನಲ್ಲಿ ಅವರನ್ನೂ ಯಾರೂ ಕೊಂಡಿರಲಿಲ್ಲ.