ಹಳೆಯ ವಿಡಿಯೋ ಸುರುಳಿಗಳೂ ನಮ್ಮ ಹೊಣೆಯೂ

ಕನ್ನಡದ ಪ್ರಥಮ ವಾಕ್ಚಿತ್ರವಾದ ‘ಸತಿ ಸುಲೋಚನಾ’ ಚಿತ್ರಣಗೊಂಡುದು ನಮ್ಮ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ ಎಂಬುದು ಅನೇಕ ವಾಚಕರಿಗೆ ತಿಳಿದ ಸಂಗತಿ. ವೈ. ವಿ. ರಾಯರು ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಇವರು ಅಭಿನಯಿಸಿದ ಆ ಚಿತ್ರವು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಗಡಿನಾಡಿನವರಾದ ನಾವು ಅಭಿಮಾನಪಡತಕ್ಕ ವಿಷಯವಿದು. ಆದರೆ ಇಂದು ಅದನ್ನು ನೋಡಬೇಕೆಂದರೆ ಒಂದು ಪ್ರತಿಯೂ ಉಳಿದಿಲ್ಲ.

ಅಷ್ಟು ದೊಡ್ಡ ವಸ್ತುವಿನ ಗತಿಯೇ ಹೀಗಾದರೆ, ನಮ್ಮ ಶಾಲೆಯ ಕಪಾಟುಗಳಲ್ಲಿ ಬಿದ್ದಿರುವ ವಿಡಿಯೋ ಸುರುಳಿಗಳ ಗತಿಯೇನು? 1990ರ ಸುಮಾರಿನಿಂದ ಕೆಲವು ವರ್ಷ ಗಡಹಿಂಗ್ಲಜ, ಇಚಲಕರಂಜಿ ಕಡೆಯ ಮದುವೆ, ಜಾತ್ರೆ, ಶಾಲೆಯ ಸ್ನೇಹಸಮ್ಮೇಳನಗಳೆಲ್ಲ ಇಂಥ ಸುರುಳಿಗಳಲ್ಲಿ ಸೇರಿವೆ. ಮರಾಠಿಯ ನೆರೆಯಲ್ಲಿ ಬೆಳೆದ ನಮ್ಮ ಹಿರಿಯರ ಆಡುಗನ್ನಡವು ಜೀವಂತವಾಗಿ ದಾಖಲಾಗಿರುವುದು ಬಹುಶಃ ಇವುಗಳಲ್ಲಿಯೇ. ಇವನ್ನು ಅಲ್ಪ ವೆಚ್ಚದಲ್ಲಿ ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಅವಸರವೇಕೆಂದು ಕೆಲವರು ಕೇಳಬಹುದು. ಸುರುಳಿಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತಗುಣವುಳ್ಳ ಸೂಕ್ಷ್ಮ ಕಣಗಳನ್ನು ಅಂಟಿನಿಂದ ಹಚ್ಚಿರುತ್ತಾರೆ. ಕಾಲ ಕಳೆದಂತೆ ಅಂಟು ಸಡಿಲಾಗುತ್ತದೆ. ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ತೊಡಕೆಂದರೆ ಸುರುಳಿಯನ್ನು ನುಡಿಸುವ ಯಂತ್ರವೇ ಕಾಣೆಯಾಗುತ್ತಿರುವುದು. ಜಪಾನಿನ ಫುನಾಯಿ ಕಂಪನಿಯು 2016ರ ಜುಲೈ ತಿಂಗಳಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೋ ಸಂಸ್ಥೆಯೂ ಕಾಂತೀಯ ಸುರುಳಿಗಳ ವಿಷಯದಲ್ಲಿ ಜಗತ್ತಿಗೆ ಎಚ್ಚರಿಕೆಯಿತ್ತಿದೆ.

ಮೊದಲು ಸುರುಳಿಯ ಜಾತಿಯನ್ನು ಗುರುತಿಸಬೇಕು. ದೊಡ್ಡ ಪುಸ್ತಕದಂತಿರುವುದು ವಿ.ಎಚ್.ಎಸ್. ಅದರ ಚಿಕ್ಕ ರೂಪವಾದ ವಿ.ಎಚ್.ಎಸ್.-ಸಿ. ಯನ್ನು ಒಂದು ಹೊರಕವಚದಲ್ಲಿಟ್ಟು ದೊಡ್ಡ ಯಂತ್ರದಲ್ಲಿಯೇ ನುಡಿಸಬಹುದು. ಹಾಡಿನ ಕ್ಯಾಸೆಟ್ಟಿನಷ್ಟಿರುವ ವಿಡಿಯೋ-8 ಮತ್ತು ಹೈ-8 ಸುರುಳಿಗಳಿಗೆ ಇಂಥ ಕವಚವಿಲ್ಲ. ಅವುಗಳಿಗೆ ಅದೇ ಜಾತಿಯ ಕ್ಯಾಮೆರಾ ಬೇಕು. ಆದ್ದರಿಂದ ಹೊಸ ಸಾಮಾನು ಕೊಳ್ಳುವ ಮೊದಲು ಊರಿನ ಹಳೆಯ ಫೋಟೋ ಸ್ಟುಡಿಯೋದವರನ್ನು, ಪಾಲಕರನ್ನು ವಿಚಾರಿಸುವುದು ಲೇಸು. ಅನೇಕರ ಅಟ್ಟದ ಮೇಲೆ ಯಂತ್ರವು ಸುಮ್ಮನೆ ಕುಳಿತಿರುತ್ತದೆ.

ಎರಡನೆಯದಾಗಿ ಬೇಕಾದುದು ಯು.ಎಸ್.ಬಿ. ಕ್ಯಾಪ್ಚರ್ ಎಂಬ ಚಿಕ್ಕ ಸಾಧನ. ಇದು ಯಂತ್ರದಿಂದ ಬರುವ ಸಂಕೇತವನ್ನು ಗಣಕಯಂತ್ರಕ್ಕೆ ತಿಳಿಯುವ ಅಂಕಿಗಳನ್ನಾಗಿ ಮಾರ್ಪಡಿಸುತ್ತದೆ. ಸಾಧಾರಣವಾದುದು ಒಂದೆರಡು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ. ಹಳದಿ ತಂತಿ ಚಿತ್ರಕ್ಕೆ. ಬಿಳಿ, ಕೆಂಪು ತಂತಿಗಳು ಧ್ವನಿಗೆ. ಹೈ-8 ಕ್ಯಾಮೆರಾದಲ್ಲಿ ಎಸ್-ವಿಡಿಯೋ ಕಿಂಡಿಯಿದ್ದರೆ ಹಳದಿಯ ಬದಲು ಅದನ್ನೇ ಬಳಸಬೇಕು. ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. ಓ.ಬಿ.ಎಸ್. ಎಂಬ ತಂತ್ರಾಂಶವು ಉಚಿತವಾಗಿದ್ದು ಮುದ್ರಿಸಿಕೊಳ್ಳಲು ಸಾಕಾಗುತ್ತದೆ. ಅದರಲ್ಲಿ ನಮ್ಮ ದೇಶದ ಪದ್ಧತಿಯಾದ ‘ಪಾಲ್’ ಎಂಬುದನ್ನೂ 720 x 576 ಎಂಬ ಅಳತೆಯನ್ನೂ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಬಣ್ಣ ಹೋಗುತ್ತದೆ ಅಥವಾ ಚಿತ್ರ ಉರುಳುತ್ತದೆ. ಹಳೆಯ ಚಿತ್ರದ ಆಕಾರ 4:3. ಅಗಲವಾದ ಪರದೆ ತುಂಬಲೆಂದು ಅದನ್ನು ಎಳೆದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ.

ಈ ಕೆಲಸದಲ್ಲಿ ಒಳದಾರಿಯಿಲ್ಲ. ಒಂದು ತಾಸಿನ ಸುರುಳಿಗೆ ಒಂದು ತಾಸೇ ಬೇಕು. ಸಾಧಾರಣ ಗುಣಮಟ್ಟದಲ್ಲಿ ತಾಸಿಗೆ ಎರಡು-ಮೂರು ಜಿ.ಬಿ., ಡಿ.ವಿ. ಎಂಬ ಉತ್ತಮ ರೂಪದಲ್ಲಿ ಸುಮಾರು 13 ಜಿ.ಬಿ. ಸ್ಥಳ ಹಿಡಿಯುತ್ತದೆ. ಚಲಿಸುವ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಗಾಬರಿ ಬೇಡ. ಹಳೆಯ ವಿಡಿಯೋದಲ್ಲಿ ಒಂದೊಂದು ಚಿತ್ರವೂ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಎರಡು ಕಂತುಗಳಲ್ಲಿ ಬರುವುದೇ ಇದಕ್ಕೆ ಕಾರಣ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಸರಿಪಡಿಸಬಹುದು. ಆದರೆ ತಿದ್ದುಪಡಿಯನ್ನು ನಕಲಿನಲ್ಲಿ ಮಾಡಬೇಕೇ ಹೊರತು ಮೂಲದಲ್ಲಿ ಅಲ್ಲ.

ಆರಂಭಿಸುವ ಮೊದಲು ವಿ.ಎಚ್.ಎಸ್. ಸುರುಳಿಯ ಅಂಚಿನ ಚಿಕ್ಕ ರಕ್ಷಣಾಪಟ್ಟಿಯನ್ನು ಮುರಿಯಬೇಕು. ಆಗ ತಪ್ಪಿಯೂ ಅದರ ಮೇಲೆ ಬೇರೆಯದು ಮುದ್ರಿತವಾಗದು. ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಬೇಕು. ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರಂತೂ ಯಂತ್ರಕ್ಕೆ ಹಾಕಲೇಬಾರದು. ಈ ಪಾಠವನ್ನು ನಾನು ನಷ್ಟಪಟ್ಟು ಕಲಿತೆ. ನಮ್ಮ ಶಾಲೆಯ ಒಂದು ಸುರುಳಿಯನ್ನು ಆತುರದಿಂದ ಹಾಕಿದೆ. ಪಟ್ಟಿ ಸಿಕ್ಕಿಕೊಂಡು ಹರಿಯಿತು, ಯಂತ್ರದ ಮೊಗವೂ ಕೊಳೆಯಾಯಿತು. ಮಕ್ಕಳ ಒಂದು ನಾಟಕದ ಅರ್ಧ ಭಾಗ ನನ್ನ ಕೈಯಿಂದಲೇ ಹೋಯಿತು.

ಇನ್ನೊಂದು ಸುರುಳಿಯ ಮೇಲೆ ‘ಸಮ್ಮೇಳನ’ ಎಂದಷ್ಟೇ ಬರೆದಿತ್ತು. ನುಡಿಸಿದಾಗ ಬಹುಮಾನ ವಿತರಣೆಯಾದ ಮೇಲೆ ಒಬ್ಬ ವೃದ್ಧೆ ವೇದಿಕೆಯಲ್ಲಿ ಕುಳಿತು ಬೀಸುವ ಪದ ಹಾಡಿದ್ದು ಕಂಡಿತು. ಸುಮಾರು ಹತ್ತು ನಿಮಿಷದ ಹಾಡು. ಆಕೆ ಯಾರೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ನಿವೃತ್ತರಾದ ಹಿರಿಯ ಗುರುಗಳೊಬ್ಬರ ಮನೆಗೆ ಅದನ್ನು ಒಯ್ದು ತೋರಿಸಿದೆವು. ಅವರಿಗೆ ದೃಷ್ಟಿ ಮಂದವಾಗಿತ್ತು. ಎರಡು ನುಡಿ ಕೇಳಿದೊಡನೆ, “ಇದು ನಮ್ಮ ಶಾಲಿ ಸಿಪಾಯಿಯ ತಾಯಿ ದನಿ ಅಲ್ಲೇನ್ರಿ!” ಎಂದರು. ಊರು, ಮನೆತನ, ಹಾಡಿನ ಸಂದರ್ಭ ಎಲ್ಲವನ್ನೂ ಹೇಳಿದರು, ನಾವು ಬರೆದುಕೊಂಡೆವು. ಮರುವರ್ಷ ಆ ಗುರುಗಳು ತೀರಿಕೊಂಡರು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಸುರುಳಿಯನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ಯಾವ ಅಂಗಡಿಯವನಾದರೂ ಮಾಡಿಯಾನು. ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲವರನ್ನು ಕೇಳಿ ಬರೆದಿಡುವ ಕೆಲಸ ನಮ್ಮದು. ಪ್ರತಿಯೊಂದು ಕಡತಕ್ಕೂ ವರ್ಷ, ಸ್ಥಳ, ಪ್ರಸಂಗಗಳನ್ನು ಸೇರಿಸಿ ಹೆಸರಿಡಿರಿ. ವಿವರಗಳನ್ನು ಒಂದು ವಹಿಯಲ್ಲಿಯೂ ಬರೆಯಿರಿ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿಗಳನ್ನಿಟ್ಟು, ಒಂದನ್ನು ಶಾಲೆಯ ಹೊರಗೆ ಇಡಿರಿ. ಮೂಲ ಸುರುಳಿಯನ್ನು ಎಸೆಯಬೇಡಿರಿ. ಬರುವ ದೀಪಾವಳಿ ರಜೆಯಲ್ಲಿ ಒಂದೊಂದು ಶಾಲೆ ಒಂದೊಂದು ಸುರುಳಿಯಿಂದ ಈ ಕಾರ್ಯವನ್ನು ಆರಂಭಿಸಿದರೂ ಸಾಕು. ದನಿಯನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.