ದೂರದರ್ಶನದ ಸಾಕ್ಷ್ಯಚಿತ್ರಗಳಲ್ಲಿ ಮಲ್ಲವಿದ್ಯೆಯ ಅಭ್ಯಾಸ: ಮೈಸೂರಿನ ಗರಡಿಯ ದೃಷ್ಟಿಯಿಂದ ಒಂದು ವಿಚಾರ

ವಿಜಯದಶಮಿಯ ದಿನ ಮೈಸೂರಿನ ಅರಮನೆಯ ಒಳಾವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಇಂದು ನಾಡಿನ ಬಹುಮಂದಿ ಬಲ್ಲರು; ಆದರೆ ಅವರಲ್ಲಿ ಹೆಚ್ಚಿನವರು ಅದನ್ನು ಕಂಡಿರುವುದು ದೂರದರ್ಶನದ ಪರದೆಯ ಮೇಲೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಮೊದಲಾದ ಕಡೆಗಳಿಂದ ಬಂದ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಬಲಗೈಯ ಬೆರಳುಗಳಿಗೆ ಮುಷ್ಟ್ಯಾಯುಧವನ್ನು ತೊಟ್ಟು ಕಣಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತಬಿಂದು ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸಲಾಗುತ್ತದೆ. ಎಷ್ಟೋ ವೇಳೆ ಒಂದು ನಿಮಿಷವೂ ತುಂಬುವ ಮುನ್ನವೇ ಎಲ್ಲ ಮುಗಿದುಹೋಗುವುದುಂಟು. ಛಾಯಾಗ್ರಾಹಕನಿಗೆ ಬೇಕಾದದ್ದು ಆ ರಕ್ತಬಿಂದು. ಅದು ಅವನಿಗೆ ದೊರೆಯುತ್ತದೆ. ಆ ಒಂದು ನಿಮಿಷಕ್ಕಾಗಿ ಜೆಟ್ಟಿಯ ಮಗನು ಬಾಲ್ಯದಿಂದ ನಡೆಸಿದ ಸಾಧನೆಯ ಗತಿಯೇನು? ಅಭ್ಯಾಸವನ್ನೇ ವಿಷಯವಾಗಿ ಇಟ್ಟುಕೊಂಡು ಹೊರಟ ಸಾಕ್ಷ್ಯಚಿತ್ರ ಮಾಲಿಕೆಗಳು ಇದಕ್ಕೆ ಎಷ್ಟರಮಟ್ಟಿಗೆ ನ್ಯಾಯ ಒದಗಿಸಿವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಬಗೆಯ ಮಾಲಿಕೆಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ.ಯು ೧೯೮೩ರಲ್ಲಿ ಎಂಟು ಕಂತುಗಳಲ್ಲಿ ಪ್ರಸಾರ ಮಾಡಿದ ‘ದಿ ವೇ ಆಫ್ ದಿ ವಾರಿಯರ್’. ಜಪಾನಿನ ಖಡ್ಗವಿದ್ಯೆ, ಓಕಿನಾವಾದ ಕರಾಟೆ, ಚೀನೀಯರ ತಾಯ್ ಚಿ ಇವುಗಳೊಡನೆ ಕೇರಳದ ಕಳರಿಪಯಟ್ಟಿಗೂ ಅದರಲ್ಲಿ ಒಂದು ಕಂತು ಮೀಸಲಾಗಿತ್ತು. ಹೊವಾರ್ಡ್ ರೀಡ್ ಮತ್ತು ಮೈಕೇಲ್ ಕ್ರೌಚರ್ ಎಂಬವರು ಇದೇ ವಿಷಯವನ್ನು ಕುರಿತು ಅದೇ ವರ್ಷ ಒಂದು ಗ್ರಂಥವನ್ನೂ ಹೊರತಂದರು. ಕೊಲ್ಲುವ ವಿದ್ಯೆಯನ್ನು ಜೀವಮಾನವಿಡೀ ಕಲಿತವನು ಶಾಂತನಾಗುವ ವಿರೋಧಾಭಾಸವನ್ನು ಅವರು ಮುಖ್ಯ ಪ್ರಶ್ನೆಯಾಗಿ ಇಟ್ಟುಕೊಂಡಿದ್ದರು. ಗುರುವಿನ ಜೀವನವನ್ನೂ ಅವನು ನಿಂತ ನೆಲವನ್ನೂ ತೋರಿಸುವ ತಾಳ್ಮೆ ಆ ಮಾಲಿಕೆಗೆ ಇತ್ತು. ಇಪ್ಪತ್ತೈದು ವರ್ಷಗಳ ತರುವಾಯ ಡಿಸ್ಕವರಿ ವಾಹಿನಿಯ ‘ಫೈಟ್ ಕ್ವೆಸ್ಟ್’ ಮಾಲಿಕೆಯೂ (೨೦೦೭-೦೮) ಕಳರಿಪಯಟ್ಟನ್ನು ಅರಸಿ ಭಾರತಕ್ಕೆ ಬಂದಿತು. ಅದರ ಕ್ರಮವೇ ಬೇರೆ. ಇಬ್ಬರು ಅಮೆರಿಕನ್ ಮಲ್ಲರು ಪ್ರತಿ ಕಂತಿನಲ್ಲಿಯೂ ಒಂದು ದೇಶಕ್ಕೆ ಹೋಗಿ, ಐದು ದಿನಗಳ ಕಾಲ ಸ್ಥಳೀಯ ಗುರುಗಳಲ್ಲಿ ಕಲಿತು, ಕೊನೆಗೆ ಅಲ್ಲಿಯ ಪಟುವಿನೊಡನೆ ಸೆಣಸುತ್ತಾರೆ. ಆಗಮನ, ಗುರುವಿನ ಕಾಠಿಣ್ಯ, ಶಿಷ್ಯನ ಬೆವರು, ಪರೀಕ್ಷೆ, ವಿದಾಯ: ಪುರಾಣಕಥೆಯ ಹಂದರವೇ ಇದು. ನೋಡಲು ರಂಜಕವಾಗಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಐದು ದಿನಗಳಲ್ಲಿ ಕಲಿಯಬಹುದಾದದ್ದು ಹೊಡೆತವನ್ನು ತಡೆದುಕೊಳ್ಳುವುದನ್ನು ಮಾತ್ರ, ವಿದ್ಯೆಯನ್ನಲ್ಲ.

ಇಲ್ಲಿ ನಮ್ಮ ಗರಡಿಯನ್ನು ಸ್ಮರಿಸೋಣ. ಮೈಸೂರಿನ ಹಳೆಯ ಮೊಹಲ್ಲಾಗಳ ಗರಡಿಮನೆಗಳಲ್ಲಿ ದಿನಚರಿಯು ಬೆಳಕು ಹರಿಯುವ ಮುನ್ನವೇ ಆರಂಭವಾಗುತ್ತದೆ. ತಗ್ಗಾದ ಬಾಗಿಲು, ಒಳಗೆ ಆಂಜನೇಯನ ಪಟ, ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಅರಿಶಿನ, ತುಪ್ಪ ಮೊದಲಾದುವನ್ನು ಬೆರೆಸಿ ಹದಮಾಡುತ್ತಾರೆ. ಹೊಸದಾಗಿ ಬಂದ ಹುಡುಗನಿಗೆ ಪಟ್ಟುಗಳನ್ನು ಯಾರೂ ಒಡನೆಯೇ ಹೇಳಿಕೊಡುವುದಿಲ್ಲ. ಅವನು ಮೊದಲು ಮಟ್ಟಿಯನ್ನು ಅಗೆಯಬೇಕು, ಹರಡಬೇಕು. ಹಿರಿಯರ ಮೈಗೆ ಎಣ್ಣೆ ತಿಕ್ಕಬೇಕು. ದಂಡ, ಬಸ್ಕಿಗಳ ಎಣಿಕೆಯನ್ನು ದಿನದಿನಕ್ಕೆ ಏರಿಸಬೇಕು. ಗದೆಯನ್ನೂ ಕಲ್ಲುಗುಂಡನ್ನೂ ಮುಟ್ಟುವುದು ಆಮೇಲೆ. ಮಣ್ಣು ಅಗೆಯುವುದು ಸೇವೆಯೂ ಹೌದು, ಸಾಮೂ ಹೌದು. ಬೆನ್ನು, ಭುಜ, ಮಣಿಕಟ್ಟುಗಳು ಬಲಿಯುವುದು ಅಲ್ಲಿಯೇ. ಚಿತ್ರದಲ್ಲಿ ಈ ಭಾಗವು ಸಂಗೀತದ ಹಿನ್ನೆಲೆಯಲ್ಲಿ ಹತ್ತು ಸೆಕೆಂಡುಗಳಲ್ಲಿ ಸರಿದುಹೋಗುತ್ತದೆ. ಪುನರಾವೃತ್ತಿಯೇ ಅಭ್ಯಾಸದ ತಿರುಳು. ಸಂಕಲನಕಾರನ ಕತ್ತರಿಯಾದರೋ ಪುನರಾವೃತ್ತಿಯ ಶತ್ರು. ಪೈಲ್ವಾನನನ್ನು ಕಾಲವು ನಿರ್ಮಿಸುತ್ತದೆಯೆಂಬ ಸಂಗತಿಯನ್ನು ಕಾಲವನ್ನೇ ಕತ್ತರಿಸುವ ಮಾಧ್ಯಮವು ಹೇಗೆ ತೋರಿಸಬೇಕು? ಯಾವ ಮಾಲಿಕೆಯೂ ಇದಕ್ಕೆ ತೃಪ್ತಿಕರವಾದ ಉತ್ತರವನ್ನು ಕಂಡುಕೊಂಡಂತೆ ತೋರುವುದಿಲ್ಲ.

ಕುತೂಹಲದ ಸಂಗತಿಯೆಂದರೆ, ಕನ್ನಡನಾಡಿನ ಅರಸನೊಬ್ಬನು ಎಂಟುನೂರು ವರ್ಷಗಳಿಗೂ ಹಿಂದೆಯೇ ಈ ವಿಷಯದಲ್ಲಿ ಇಂದಿನ ನಿರ್ಮಾಪಕರಿಗಿಂತ ಹೆಚ್ಚಿನ ಎಚ್ಚರವನ್ನು ತೋರಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ (೧೧೨೬-೧೧೩೮) ಹೆಸರಿನಲ್ಲಿರುವ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣವು ಕುಸ್ತಿಯ ಪಂದ್ಯವನ್ನು ಮಾತ್ರ ವರ್ಣಿಸಿ ತೃಪ್ತವಾಗುವುದಿಲ್ಲ. ಮಲ್ಲರ ವರ್ಗಗಳನ್ನೂ ಆಹಾರವನ್ನೂ ಹೇಳಿ, ಶ್ರಮದ ಬಗೆಗಳನ್ನು ಒಂದೊಂದಾಗಿ ವಿಂಗಡಿಸುತ್ತದೆ: ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಆಶ್ರಯಿಸಿದ ಸ್ತಂಭಶ್ರಮ. ಇದು ಅರಸನ ವಿನೋದಕ್ಕಾಗಿ ಹುಟ್ಟಿದ ಗ್ರಂಥ. ಪ್ರೇಕ್ಷಕನ ಪೀಠದಲ್ಲಿ ಕುಳಿತೇ ಬರೆದದ್ದು. ಆದರೂ ನೋಡುವವನಿಗೆ ಪಂದ್ಯದ ರುಚಿ ಹತ್ತಬೇಕಾದರೆ ತಯಾರಿಯ ತಿಳಿವಳಿಕೆ ಬೇಕೆಂದು ಅದು ಭಾವಿಸಿದಂತಿದೆ.

ವಿದೇಶೀಯರ ಕಣ್ಣೆಂಬುದೂ ಹೊಸದೇನಲ್ಲ. ವಿಜಯನಗರದ ಮಹಾನವಮಿಯಲ್ಲಿ ಮಲ್ಲರನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ (ಸುಮಾರು ೧೫೨೦), ಇದು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿದು ಮುಖ ವಿಕಾರವಾಗುವಂಥ ಏಟುಗಳು ಇದರಲ್ಲಿವೆಯೆಂದೂ ಬರೆದಿಟ್ಟಿದ್ದಾನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನ ವೃತ್ತಾಂತವು ೧೮೨೪ರಲ್ಲಿ ಪ್ರಕಟವಾಯಿತು. ಜೆಟ್ಟಿಗಳ ಬೋಳು ತಲೆ, ಎಣ್ಣೆ ಪೂಸಿದ ಮೈ, ಬೆರಳ ಗೆಣ್ಣುಗಳ ಮೇಲಿನ ಆಯುಧ ಎಲ್ಲವೂ ಅದರಲ್ಲಿವೆ. ಕೊರಳಿನ ಹೂವನ್ನು ಪರಸ್ಪರರ ಮುಖಕ್ಕೆ ಎಸೆದು ಅವರು ಕಾಳಗವನ್ನು ಆರಂಭಿಸುತ್ತಿದ್ದರೆಂಬ ಸೊಗಸಾದ ವಿವರವೂ ಇದೆ. ಇದಕ್ಕಿಂತ ಮುಖ್ಯವಾದ ಮಾತೊಂದನ್ನು ಸ್ಕರಿ ಹೇಳುತ್ತಾನೆ: ಎಷ್ಟೋ ಜೋಡಿಗಳು ಒಡನೆಯೇ ಮೈಗೆ ಮೈ ಸೇರಿಸಿ ಹಿಡಿತಕ್ಕೆ ತೊಡಗುತ್ತಿದ್ದುವು, ಆಮೇಲೆ ಹಿಡಿತವೇ ಸರ್ವಸ್ವ. ಮುಷ್ಟಿಯ ಕಾಳಗವೆಂದು ಹೆಸರಾದರೂ ಅದರ ಒಡಲಿನಲ್ಲಿ ಮಲ್ಲಯುದ್ಧದ ಪಟ್ಟುಗಳು ಇದ್ದುವೆಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಇಂದಿನ ಕಾಳಗವು ಮೊದಲ ರಕ್ತಕ್ಕೇ ನಿಲ್ಲುವುದರಿಂದ ಆ ಪಟ್ಟುಗಳು ಪ್ರಕಟವಾಗಲು ಅವಕಾಶವೇ ಕಡಿಮೆ. ಚಿತ್ರವನ್ನು ಮಾತ್ರ ನಂಬಿದ ಮುಂದಿನ ಪೀಳಿಗೆಯವನು ವಜ್ರಮುಷ್ಟಿಯೆಂದರೆ ಗುದ್ದಾಟವೆಂದೇ ತಿಳಿದುಕೊಂಡಾನು. ಇದೇನೂ ಸಣ್ಣ ನಷ್ಟವಲ್ಲ.

ಇನ್ನು ನಿರೂಪಕನ ವಾಣಿಯ ವಿಚಾರ. ಭಾರತದ ಯುದ್ಧಕಲೆಯ ಮಾತು ಬಂದಾಗಲೆಲ್ಲ, ಎಲ್ಲ ಯುದ್ಧಕಲೆಗಳಿಗೂ ಇದೇ ತಾಯಿ, ಬೋಧಿಧರ್ಮನು ಇದನ್ನು ದಕ್ಷಿಣ ಭಾರತದಿಂದ ಚೀನಾದ ಶಾವೊಲಿನ್ ಮಠಕ್ಕೆ ಒಯ್ದನು ಎಂಬ ಕಥೆ ತಪ್ಪದೆ ಕೇಳಿಬರುತ್ತದೆ. ವಜ್ರಮುಷ್ಟಿಯ ಹೆಸರೂ ಇದರೊಡನೆ ಜೋಡಿಸಲ್ಪಟ್ಟಿದೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಇದನ್ನು ಇತಿಹಾಸವೆಂದೇ ಬರೆಯುತ್ತಿರುವುದರಿಂದ ಒಂದೆರಡು ಮಾತು ಹೇಳಬೇಕಾಗಿದೆ. ಬೋಧಿಧರ್ಮನನ್ನು ಹೆಸರಿಸುವ ಅತ್ಯಂತ ಪ್ರಾಚೀನ ಚೀನೀ ಬರಹವು ಕ್ರಿ.ಶ. ೫೪೭ರ ಸುಮಾರಿನದು, ಲುವೊಯಾಂಗ್ ನಗರದ ಬೌದ್ಧಮಂದಿರಗಳನ್ನು ಕುರಿತದ್ದು. ಅಲ್ಲಿ ಅವನು ಪಶ್ಚಿಮದಿಂದ ಬಂದ ವೃದ್ಧ ಭಿಕ್ಷು. ಅದೂ ಪರ್ಶಿಯಾ ದೇಶದವನೆಂದು ಹೇಳಿದೆ. ಅವನ ದಕ್ಷಿಣ ಭಾರತದ ಮೂಲವು ಅನಂತರದ ಬರಹಗಳಲ್ಲಿ ಬರುತ್ತದೆ. ಯುದ್ಧವಿದ್ಯೆಯ ಸುಳಿವು ಎರಡರಲ್ಲಿಯೂ ಇಲ್ಲ. ಅವನಿಗೆ ವ್ಯಾಯಾಮವಿದ್ಯೆಯನ್ನು ಆರೋಪಿಸುವ ‘ಯಿ ಜಿನ್ ಜಿಂಗ್’ ಎಂಬ ಕೃತಿಯಾದರೋ ಹದಿನೇಳನೆಯ ಶತಮಾನದ್ದು. ಅದರ ಪೀಠಿಕೆಗಳು ಕೃತಕವೆಂದು ಚೀನಾದ ವಿದ್ವಾಂಸರೇ ತೋರಿಸಿಕೊಟ್ಟಿದ್ದಾರೆ. ನಮ್ಮ ಗರಡಿಗೆ ಹಿರಿಮೆ ತರಲು ಈ ಎರವಿನ ಆಭರಣ ಬೇಕಿಲ್ಲ. ಮಾನಸೋಲ್ಲಾಸವಿದೆ, ಜ್ಯೇಷ್ಠಿಮಲ್ಲರನ್ನು ಕುರಿತ ಗುಜರಾತಿನ ‘ಮಲ್ಲಪುರಾಣ’ವಿದೆ, ಅದನ್ನು ೧೯೬೪ರಲ್ಲಿ ಬರೋಡದ ಪ್ರಾಚ್ಯವಿದ್ಯಾ ಮಾಲೆಯಲ್ಲಿ ಮುದ್ರಿಸಿದ್ದಾರೆ. ಮೋಢೇರದ ಜ್ಯೇಷ್ಠಿಗಳಿಗೂ ಮೈಸೂರಿನ ಜೆಟ್ಟಿಗಳಿಗೂ ಇರುವ ನಾಮಸಾಮ್ಯವು ಯಾವ ಸಂಬಂಧವನ್ನು ಸೂಚಿಸುತ್ತದೆಂಬುದು ಬೋಧಿಧರ್ಮನ ಕಥೆಗಿಂತ ಹೆಚ್ಚು ಫಲಪ್ರದವಾದ ಸಂಶೋಧನೆಯಾದೀತು.

ಚಿತ್ರಗಳಲ್ಲಿ ಎಂದಿಗೂ ಕಾಣಿಸಿಕೊಳ್ಳದ ಮತ್ತೊಂದು ಅಂಶವೆಂದರೆ ಖರ್ಚು. ಹಾಲು, ತುಪ್ಪ, ಬಾದಾಮಿಗಳ ವೆಚ್ಚವನ್ನು ಯಾರು ವಹಿಸುತ್ತಾರೆ? ಒಡೆಯರ ಕಾಲದಲ್ಲಿ ಅರಮನೆಯ ಆಶ್ರಯವಿತ್ತು. ೧೯೭೧ರಲ್ಲಿ ರಾಜಧನ ರದ್ದಾದ ಮೇಲೆ ದಸರಾ ಉತ್ಸವವು ಎರಡಾಗಿ ಒಡೆಯಿತು. ವಜ್ರಮುಷ್ಟಿಯು ಅರಮನೆಯ ಖಾಸಗಿ ಆಚರಣೆಯಲ್ಲಿ ಉಳಿದುಕೊಂಡಿತು. ನಾಡಕುಸ್ತಿಯು ಸರಕಾರದ ದಸರಾಕ್ಕೆ ಸೇರಿ, ಈಗ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಪರದೆಯ ಮೇಲೆ ಈ ಎರಡೂ ಒಂದೇ ಉತ್ಸವದ ದೃಶ್ಯಗಳೆಂಬಂತೆ ಬೆರೆತುಹೋಗುತ್ತವೆ. ರಾಷ್ಟ್ರೀಯ ಸ್ಪರ್ಧೆಗಳು ಮ್ಯಾಟಿನ ಮೇಲೆ ನಡೆಯುವುದರಿಂದ ಮಣ್ಣಿನ ಮಟ್ಟಿಯಲ್ಲಿ ಬೆಳೆದ ಹುಡುಗನು ಹೊಸದಾಗಿ ಕಾಲೂರುವುದನ್ನು ಕಲಿಯಬೇಕಾಗಿದೆಯೆಂಬ ಕಷ್ಟವೂ ಚಿತ್ರದ ಹೊರಗೇ ಉಳಿಯುತ್ತದೆ.

ಇಷ್ಟೆಲ್ಲ ಆಕ್ಷೇಪಿಸಿದ ಮೇಲೂ ಚಲನಚಿತ್ರದ ಸಾಕ್ಷ್ಯವನ್ನು ತಳ್ಳಿಹಾಕುವ ಹಾಗಿಲ್ಲ. ಒಂದು ಪಟ್ಟಿನಲ್ಲಿ ಸೊಂಟವು ತಿರುಗುವ ಬಗೆಯನ್ನು ಯಾವ ಶ್ಲೋಕವೂ ಹೇಳಲಾರದು. ಸ್ತಂಭಶ್ರಮವೆಂಬ ಶಬ್ದ ನಮಗೆ ಉಳಿದಿದೆ. ಆ ಮಲ್ಲನ ಚಲನೆ ಉಳಿದಿಲ್ಲ. ೧೯೮೩ರ ಮಾಲಿಕೆಯಲ್ಲಿ ಕಾಣಿಸಿಕೊಂಡ ಗುರುಗಳ ಅಂಗವಿನ್ಯಾಸವಾದರೋ ನಾಳಿನ ಅಭ್ಯಾಸಿಗೂ ದೊರೆಯುತ್ತದೆ. ಆದ್ದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವೊಂದಿದೆ, ಅದಕ್ಕೆ ಹೆಚ್ಚಿನ ಹಣವೂ ಬೇಡ. ಒಂದು ಗರಡಿಯಲ್ಲಿ ಒಬ್ಬನೇ ಹುಡುಗನ ಅಭ್ಯಾಸವನ್ನು ಒಂದು ವರ್ಷದ ಕಾಲ, ವಾರಕ್ಕೊಮ್ಮೆ, ಕತ್ತರಿಸದೆ ಚಿತ್ರಿಸಿಡಬೇಕು. ಪಟ್ಟುಗಳ ಹೆಸರನ್ನು ಉಸ್ತಾದರು ತಮ್ಮ ಮಾತಿನಲ್ಲಿಯೇ ಹೇಳಲಿ, ನಿರೂಪಕನು ಬೇಡ. ಜೆಟ್ಟಿ ಮನೆತನದ ಹಿರಿಯರು ಒಪ್ಪಿದರೆ, ಮುಷ್ಟ್ಯಾಯುಧವಿಲ್ಲದೆ ಅವರು ಮಕ್ಕಳಿಗೆ ಕಲಿಸುವ ಹಿಡಿತಗಳನ್ನೂ ದಾಖಲಿಸಬೇಕು. ಸ್ಕರಿ ಕಂಡ ಹಿಡಿತಗಳಲ್ಲಿ ಎಷ್ಟು ಇಂದಿಗೂ ಉಳಿದಿವೆಯೆಂಬುದು ಆಗ ಗೊತ್ತಾಗುತ್ತದೆ.