ನೀರು ದಾಟಿದ ಮೇಲೆ ಎಣ್ಣೆ ನೋಡಿ

2021ರ ಡಿಸೆಂಬರಿನಲ್ಲಿ ಶಾ ಆಲಂ ಮುಳುಗಿದ್ದು ನಮಗೆಲ್ಲ ನೆನಪಿದೆ. ಫೋರ್ಡ್ ರೇಂಜರ್ ರಾಪ್ಟರ್ 850 ಮಿ.ಮೀ. ಆಳದ ನೀರನ್ನೂ ದಾಟಬಲ್ಲದು. ಆದರೆ ತೊಂದರೆ ಆಮೇಲೆ ಬರಬಹುದು. ಓಡಿ ಕಾದ ಹಿಂದಿನ ಡಿಫರೆನ್ಷಿಯಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸವೆದ ಸೀಲಿನಿಂದಲೋ ನೀರಲ್ಲಿ ಮುಳುಗಿದ ಬ್ರೀದರಿನಿಂದಲೋ ನೀರು ಒಳನುಗ್ಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ, ಬೆರಳಿಟ್ಟು ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಬೆರೆತಿದೆ. ತಡಮಾಡದೆ ಬದಲಿಸಿ, ಇಲ್ಲವಾದರೆ ಬೇರಿಂಗು, ಗೇರುಗಳು ತುಕ್ಕು ಹಿಡಿದು ಹಾಳಾಗುತ್ತವೆ.

ಬ್ರೀದರ್ ಕೆಳಗಿದ್ದರೆ ಅದಕ್ಕೊಂದು ಉದ್ದನೆಯ ಟ್ಯೂಬು ಜೋಡಿಸಿ ಎತ್ತರಕ್ಕೇರಿಸಿ. ಗಾಡಿಯನ್ನೇ ಎತ್ತರಿಸುವುದಾದರೆ ಮಾತ್ರ ಮೊದಲು ಜೆಪಿಜೆ ಅನುಮತಿ ಕೇಳಿ. ಸೊಗಸಿನ ಮಾರ್ಪಾಡು ಆಮೇಲಾಗಲಿ. ಈ ಟ್ಯೂಬು ಮೊದಲಾಗಲಿ.